ರಾತ್ರಿಪಾಳಿಯ ಪಟಗಳು

ಬಿಸ್ಕತ್ತಿನ ಡಬ್ಬಿ. ಮುಚ್ಚಳದ ಮೇಲೆ ಯಾವುದೋ ದೇಶದ ರಾಣಿ,
ಅವಳ ಮೂಗಿಗೆ ತುಕ್ಕು.
ಒಳಗೆ ನಲವತ್ತೊಂದು ರಟ್ಟು:
ಸೋದರಮಾವ ಕೊಟ್ರಬಸಪ್ಪ
ದಾವಣಗೆರೆಯ ಹತ್ತಿಗಿರಣಿಯ ಕೂಲಿಯಲ್ಲಿ
ಒಂದೊಂದೇ ಆಣೆ ಉಳಿಸಿ ಕೊಂಡ ನಾಟಕದವರು.

ಮಂಡಿಪೇಟೆ ಸ್ಟುಡಿಯೋದ ಅರಮನೆ ಎಲ್ಲರಿಗೂ ಒಂದೇ.
ಅದೇ ಬಳಿದ ಕಂಬ, ಎಲ್ಲಿಗೂ ಹತ್ತದ ಅದೇ ಮೆಟ್ಟಿಲು;
ಕೌರವನಿಗೆ ಸಭೆ ಅದು,
ಹರಿಶ್ಚಂದ್ರನಿಗೆ ಸುಡುಗಾಡೂ ಅದೇ.
ಕಂಸ ಒರಗಿದ್ದ ಕುರ್ಚಿಯಲ್ಲೇ ದೇವಕಿ ಕೂತಿದ್ದಾಳೆ,
ಬೆತ್ತ ಒಂದು ಕಡೆ ಬಿಚ್ಚಿಕೊಂಡಿದೆ.

ದ್ರೌಪದಿ ಅಂದರೆ ಹಡಗಲಿ ಸಣ್ಣೀರಪ್ಪ.
ಕೆನ್ನೆ ನುಣುಪು, ಮುಂಗೈ ಮಾತ್ರ ನೇಗಿಲು ಹಿಡಿದದ್ದು.
ಸೆರಗಿನ ಹಿಂದೆ, ಪಾದದ ಪಕ್ಕ,
ಮೂರನೆಯ ಕಾಲೊಂದು ಇಣುಕುತ್ತದೆ, ಕಬ್ಬಿಣದ್ದು:
ತಲೆ ಅಲುಗದ ಹಾಗೆ ಕುತ್ತಿಗೆಗೆ ಕೊಟ್ಟ ಆನಿಕೆ.
ಹಳೇ ಕ್ಯಾಮೆರಾ. ಎಂಟು ಎಣಿಸುವ ತನಕ
ಉಸಿರು ಬಿಗಿಹಿಡಿದು ಸಿಟ್ಟಾಗಿರಬೇಕು.
ಆಗಿದ್ದಾನೆ.

ಒಮ್ಮೆ ಕೇಳಿದ್ದೆ, ಮಾವ ಊಟ ಮುಗಿಸಿ ಕೈ ತೊಳೆಯುವಾಗ:
ಇವರೊಳಗೆ ಯಾರ ಪಾರ್ಟು ಚಲೋ ಇತ್ತು?
"ನಾನೆಲ್ಲಿ ನೋಡಿದೀನವ್ವಾ" ಅಂದ.
ನಾಟಕ ಶುರುವಾಗೋದು ಹತ್ತಕ್ಕೆ,
ಪಾಳಿ ಶುರುವಾಗೋದೂ ಹತ್ತಕ್ಕೆ.

ಎರಡು ಗಂಟೆಗೆ ಬಿಡುವಿನ ಸೀಟಿ ಊದಿದರೆ
ಹಿಂಗೋಡೆಗೆ ಬೆನ್ನು ಕೊಟ್ಟು ಮಂಡಕ್ಕಿ ಮೆಲ್ಲುತ್ತ
ಹಳಿಯಾಚೆ ಟೆಂಟಿನಿಂದ ಗಾಳಿ ತಂದಷ್ಟು ಕೇಳುವುದು:
ಅರ್ಧ ಕಂದ, ಕಾಲು ಹಾರ್ಮೋನಿಯಂ,
ಒಂದು ಒನ್ಸ್‌ಮೋರ್.
ಉಳಿದದ್ದು ಗೂಡ್ಸ್ ರೈಲು.
ಬೆಳಿಗ್ಗೆ ಕೂದಲ ತುಂಬ ಅರಳೆ ಹೊತ್ತು
ಟೆಂಟಿನ ಗೇಟಿನವನಿಂದ ಪಟಗಳನ್ನು ಹರವಿಸಿ
ರಾತ್ರಿಯ ದನಿಗೆ ತಕ್ಕ ಮುಖ ಹುಡುಕುತ್ತಿದ್ದ.

ರಟ್ಟಿನ ಬೆನ್ನಿಗೆ ಪೆನ್ಸಿಲ್ಲಿನ ಅಕ್ಷರ:
"ಮಳೆ ಬಂದ ಶನಿವಾರ ಅತ್ತಿದ್ದು ಈಕೆ."
"ನಗು ಇವಂದೇ. ಇರಬೌದು."
ಸಣ್ಣೀರಪ್ಪನ ಹಿಂದೆ: "ಮೂರು ರಾತ್ರಿ ಕೆಮ್ಮು.
ನಾಕನೇದಕ್ಕೆ ಬೇರೆ ದನಿ."
ಅಲ್ಲಿಗೆ ಮುಗಿಯಿತು, ಆಮೇಲೆ ಏನಾಯಿತೋ ಬರೆದಿಲ್ಲ.

ಮಾವ ಹೋದ ಮೇಲೆ, ಕಂಪನಿಯ ಹಳೇ ಪೇಟಿ ಮಾಸ್ತರರು
ಕನ್ನಡಕ ಹಣೆಗೇರಿಸಿ ಒಂದೊಂದೇ ನೋಡಿದರು.
ಒಂದು ಕಿರೀಟದ ಮುಂದೆ ನಕ್ಕೇಬಿಟ್ಟರು:
"ಇವನು ಹಾಡೋನಲ್ಲ ತಾಯಿ, ಪರದೆ ಎಳೆಯೋ ಗುಡ್ಡಪ್ಪ.
ಮುಖ ಚಂದ ಇತ್ತು, ಅದಕ್ಕೇ ರಾಜನ ವೇಷ ಹಾಕಿ ತೆಗೆಸಿದ್ರು."

ತಿರುಗಿಸಿದೆ. ಮಾವ ಅತಿ ಒತ್ತಿ ಬರೆದದ್ದು ಅಲ್ಲೇ:
"ಎರಡನೇ ಅಂಕದ ಆ ಎತ್ತರದ ಆಲಾಪ ಈತಂದು.
ಇನ್ಯಾರದೂ ಅಲ್ಲ."

ರಬ್ಬರು ಕೈಯಲ್ಲೇ ಇತ್ತು, ಡಬ್ಬಿ ಮುಚ್ಚಿದೆ.
ಎಷ್ಟು ವರ್ಷದಿಂದ ಒಗ್ಗಿದೆಯೋ
ಗುಡ್ಡಪ್ಪನ ಗಂಟಲಿಗೆ ಆ ಹಾಡು.
ಈಗ ಕಿತ್ತುಕೊಳ್ಳೋಕೆ ನಾನ್ಯಾರು?