ಹಿಂದಿನ ಬಾಕಿ

ವಾರದ ಆರು ದಿನ ನಾನು
ಮಾವಿನ ಮಂಡಿಯ ಲೆಕ್ಕ ಬರೆಯುವವನು.
ತೋತಾಪುರಿ ಇಷ್ಟು ಕ್ರೇಟು, ಬೇನಿಷಾ ಇಷ್ಟು,
ಕಮಿಷನ್ನು, ಹಮಾಲಿ, ಕೊಳೆತದ್ದಕ್ಕೆ ಕಡಿತ.
ಭಾನುವಾರ ಅದೇ ಕೆಂಪು ಬಟ್ಟೆಯ ಪುಸ್ತಕದ
ಹಿಂದಿನ ಹಾಳೆಗಳಲ್ಲಿ ಕ್ರಿಕೆಟ್ಟು.

ಶ್ರೀನಿವಾಸಪುರದಾಚೆ, ಒಣಗಿದ ಕೆರೆಯಂಗಳ.
ತೂಬಿನ ಕಡೆಯಿಂದ ಬೌಲಿಂಗು,
ಕೋಡಿಯ ಕಲ್ಲು ದಾಟಿದರೆ ಬೌಂಡರಿ.
ಜಾಲಿಯ ಪೊದೆಗೆ ಬಿದ್ದರೆ ಎರಡು,
ಚೆಂಡು ತೆಗೆದವನಿಗೆ ಮುಳ್ಳು.
ಅಂಪೈರು ಅಮ್ಜದ್, ಟೈಲರು. ಕೊರಳಲ್ಲಿ ಅಳತೆಯ ಟೇಪು.
ನೋಬಾಲ್ ಅಲ್ಲ ಅಂತ ಜಗಳಕ್ಕೆ ಬಂದರೆ
ಅಳೆದೇ ತೋರಿಸುವನು.

ಮೇ ತಿಂಗಳ ಎರಡನೆಯ ಭಾನುವಾರ.
ಮಂಡಿ ಇಲೆವೆನ್ ತೊಂಬತ್ತೇಳು ಹೊಡೆದು ಕೂತಿದೆ.
ಮುಳಬಾಗಿಲಿನವರು ಆಡುತ್ತಿದ್ದಾರೆ.
ನನ್ನ ಜೊತೆ ಆಟ ನೋಡಲು ಬಂದ ಹುಣಸೆಯ ನೆರಳು
ಹನ್ನೊಂದಕ್ಕೇ ಎದ್ದು ಹೋಯಿತು.
"ಎಷ್ಟು, ಗುಮಾಸ್ತರೇ?"
"ಎಂಬತ್ತೊಂದು."
"ಈಗೆಷ್ಟು?"
"ಎಂಬತ್ತೈದು."
ಯಾರೋ ತೋತಾಪುರಿ ಸೀಳಿ, ಉಪ್ಪುಖಾರ ಸವರಿ
ಕೈಗಿಟ್ಟರು. ಬರೆಯುತ್ತಲೇ ತಿಂದೆ.

ಕೊನೆಯ ಚೆಂಡು. ಮೂರು ಬೇಕು.
ಬ್ಯಾಟು ಹಿಡಿದವನು ಬೈರಾರೆಡ್ಡಿ, ಟೆಂಪೋ ಓಡಿಸುತ್ತಾನೆ,
ಮೂವತ್ತೆಂಟಕ್ಕೇ ಎರಡೂ ಮೊಣಕಾಲಿಗೆ ಪಟ್ಟಿ.
ದಬ್ಬಿದ. ಒಂದು ಓಡಿದ.
ಎರಡನೆಯದಕ್ಕೆ ತಿರುಗುವಾಗ
ಬೂಟೊಂದು ಕೆರೆಯ ಬಿರುಕಲ್ಲೇ ಉಳಿಯಿತು.
ಸ್ಟಂಪು ಬಿದ್ದದ್ದು ಮೊದಲೋ, ಅವನು ಬಿದ್ದದ್ದೋ,
ಅಮ್ಜದನ ಬೆರಳು ಮೇಲೆದ್ದಿತು.
ಒಂದು ರನ್ನಿನ ಸೋಲು.
ಅವನು ಧೂಳಲ್ಲಿ ಕೂತೇ ಇದ್ದ,
ಒಂದು ಕಾಲಿಗೆ ಬೂಟು, ಒಂದಕ್ಕೆ ತೂತು ಬಿದ್ದ ಕಾಲುಚೀಲ.
ಪಣ ಒಂದು ಕ್ರೇಟು ಬೇನಿಷಾ.
ನನ್ನ ಪಾಲಿಗೂ ಎರಡು ಬಂದವು.

ರಾತ್ರಿ, ಅಭ್ಯಾಸಬಲ, ತಾಳೆ ನೋಡಿದೆ.
ಬ್ಯಾಟಿನ ಕಡೆಯಿಂದ ಕೂಡಿದರೆ ತೊಂಬತ್ತಾರು.
ಬೌಲಿಂಗಿನ ಕಡೆಯಿಂದ ತೊಂಬತ್ತೇಳು.
ಮತ್ತೆ ಕೂಡಿದೆ. ಕೆಳಗಿನಿಂದ ಮೇಲಕ್ಕೆ ಕೂಡಿದೆ.
ಹಾಳೆಯನ್ನು ಬಲ್ಬಿನ ಹತ್ತಿರ ಹಿಡಿದೆ:
ಹದಿಮೂರನೆಯ ಓವರು, ಬೈರಾರೆಡ್ಡಿಯ ಹೆಸರಿನ ಮುಂದೆ
ಜಿಗುಟು ಕಲೆ, ಅದರಲ್ಲಿ ಖಾರದಪುಡಿಯ ಒಂದು ಕಣ.
ನಾನು ಬರೆದದ್ದು ೨.
ಹುಳಿರಸ ಬಾಲ ತಿಂದು
ಉಳಿಸಿದ್ದು ೧.

"ದುಡ್ಡು ಕಮ್ಮಿ ಬಂತಾ?" ಅಂದಳು ಹೆಂಡತಿ, ಹಣ್ಣು ಹೆಚ್ಚುತ್ತಾ.
"ದುಡ್ಡಲ್ಲ."
"ಮತ್ತೇನು, ಮಲಗಿ."
ಬೇನಿಷಾ ಮಾತ್ರ ಬಹಳ ಸಿಹಿಯಿತ್ತು.
ಅದೇ ಕಷ್ಟ.

ಸೋಮವಾರ ಬೈರಾರೆಡ್ಡಿ ಲೋಡು ತಂದ, ಕುಂಟುತ್ತಾ ಇಳಿದ.
ತೂಕ ಹಾಕಿಸಿ, ಚೀಟಿ ಬರೆದು,
ಚೀಟಿ ಕೈಯಲ್ಲೇ ಹಿಡಿದು ಹೇಳಿದೆ.
"ಹಾಗಾದ್ರೆ ನಾನು ಔಟಲ್ವಾ?"
"ಔಟೇ."
"ಆದ್ರೂ ಸೋತಿಲ್ಲ."
"ಸೋತಿಲ್ಲ. ಗೆದ್ದೂ ಇಲ್ಲ."
ಟಾರ್ಪಾಲಿನ ಹಗ್ಗ ಬಿಚ್ಚುತ್ತಾ
ಎರಡು ಗಂಟಿನಷ್ಟು ಹೊತ್ತು ಸುಮ್ಮನಿದ್ದ.
"ಯಾರಿಗೂ ಹೇಳ್ಬೇಡಿ. ಪಾಪ, ಹಣ್ಣು ತಿಂದುಬಿಟ್ಟಿದ್ದಾರೆ.
ಬಾಕಿ ಮುಂದಕ್ಕೆ ಎಳೀರಿ.
ಮುಂದಿನ ಆಟ ನಮ್ಮದು ಒಂದರಿಂದ ಶುರು."

ಹೊಸ ಹಾಳೆ ತಿರುಗಿಸಿ ತಲೆಯಲ್ಲೇ ಬರೆದೆ:
ಮುಳಬಾಗಿಲು. ಹಿಂದಿನ ಬಾಕಿ ೧.

ಆ ವರ್ಷವೇ ಬಂತು ಬೆಂಗಳೂರಿನ ನೀರು,
ಅವರು ಬಳಸಿ, ಸೋಸಿ, ನಮಗೆ ಕಳಿಸಿದ್ದು.
ಈಗ ಪಿಚ್ಚಿನ ಮೇಲೆ ಎರಡಾಳು ನೀರು.
ಶಾರ್ಟ್ ಲೆಗ್ಗಿನಲ್ಲಿ ಒಂದು ನೀರುಕೋಳಿ
ಮುಳುಗುತ್ತದೆ, ಕವರಿನಲ್ಲಿ ಏಳುತ್ತದೆ.
ಬಾವಿಯ ಪಂಪಿಗೂ ನೀರು ಹತ್ತಿದೆಯಂತೆ, ಒಳ್ಳೆಯದೇ.
ಅಮ್ಜದ್ ಟೇಪು ಹಿಡಿದು ಬೇರೆ ಬಯಲು ಹುಡುಕಿದ.
ಒಂದು ಸಿಕ್ಕಿತ್ತು. ಅದು ಲೇಔಟಾಯಿತು.

ಸುಗ್ಗಿಯಲ್ಲಿ ಬೈರಾರೆಡ್ಡಿ ಬರುತ್ತಾನೆ.
ಚೀಟಿ ಕೊಡುತ್ತೇನೆ, ನೋಡದೆ ಜೇಬಿಗೆ ತುರುಕುತ್ತಾನೆ.
"ಅದು ಇದೆಯಾ?" ಅನ್ನುತ್ತಾನೆ.
"ಇದೆ" ಅನ್ನುತ್ತೇನೆ.