ನಾಲ್ಕನೆಯ ಸಾಲು

ಹದಿನಾರು ವರ್ಷ ಹೋಟೆಲಿನಲ್ಲಿ ರುಬ್ಬಿದ್ದೀನಿ,
ಒಂದು ದಿನ ಕಾವಲಿ ಮುಂದೆ ನಿಂತವಳಲ್ಲ.
ಹಿಟ್ಟಿನ ಕೈ ನಂದು, ಬೆಂಕಿಗೆ ಬೇರೆಯವರಿರಲಿ, ಅಂತಿದ್ದೆ.
ಮಾಲೀಕರಿಗೂ ಅದೇ ಬೇಕಿತ್ತು.
ದಾವಣಗೆರೆಯಲ್ಲಿ ದೋಸೆ ಹುಯ್ಯೋರು ಸಿಗ್ತಾರೆ,
ಅಕ್ಕಿಗೆ ಮಂಡಕ್ಕಿ ಎಷ್ಟು ಅಂತ ಮೂಗಿನಲ್ಲೇ ಅಳೆಯೋರು ಸಿಗಲ್ಲ.

ನಲವತ್ತೊಂದಕ್ಕೆ ಆಸೆ ಹುಟ್ಟಿತು:
ನನ್ನದೇ ಅಂಗಡಿ, ನಾಲ್ಕು ಬೆಂಚು, ಗೋಡೆಗೆ ಹಸಿರು ಬಣ್ಣ.
ಲೈಫ್ ಕೋಚ್ ಹತ್ತಿರ ಹೋಗು ಅಂದಳು ಮಗಳು ಸುಚೇತಾ.
ಕೋಚ್ ಅಂದರೆ ನನಗೆ ಗೊತ್ತಿದ್ದದ್ದು
ರೈಲಿನ ಡಬ್ಬಿ, ಇಲ್ಲಾ ಕಬಡ್ಡಿ ಮೇಷ್ಟ್ರು.

ವಿದ್ಯಾನಗರದಲ್ಲಿ ಎರಡನೆ ಮಹಡಿ.
ನಿರಂಜನ ಅಣಬೇರು, ನನ್ನ ತಮ್ಮನ ವಯಸ್ಸು.
ಬುದ್ಧಿ ಹೇಳ್ತಾನೆ ಅಂದುಕೊಂಡರೆ ಬರೀ ಪ್ರಶ್ನೆ.
ಯಾವ ಬೀದಿ? ಮುಂಗಡ ಎಷ್ಟು? ಬೆಣ್ಣೆ ಯಾರ ಹತ್ತಿರ?
ಮುಂದಿನ ಬುಧವಾರಕ್ಕೆ ಏನೇನು ಮಾಡ್ತೀರಿ, ನೀವೇ ಬರೀರಿ.
ಬರೆದೆ.
ಸಂಘದಲ್ಲಿ ಸಾಲ ಕೇಳೋದು. ಕೇಳಿದೆ.
ಹರಪನಹಳ್ಳಿ ಕಡೆ ಬೆಣ್ಣೆಯವರನ್ನ ಹಿಡಿಯೋದು. ಹಿಡಿದೆ.
ಬೋರ್ಡಿಗೆ ಹೆಸರು. ಅದೂ ಆಯ್ತು.
ನಾಲ್ಕನೆಯ ಸಾಲು: ಸೌದೆ ಒಲೆ ಹಚ್ಚಿ ಹತ್ತು ದೋಸೆ ಹುಯ್ಯೋದು.

ಒಂದು ವಾರ ಸೌದೆ ಹಸಿ ಅಂದೆ.
ಒಂದು ವಾರ ನೆಂಟರು. ಒಂದು ವಾರ, ಮರೆತೆ.
ಐದನೆ ಬುಧವಾರ ಆತ ಪೆನ್ನಿಗೆ ಮುಚ್ಚಳ ಹಾಕಿದ.
ಅಕ್ಕಾ, ಸೋಮಾರಿತನ ಆಗಿದ್ದರೆ ನನ್ನ ಹತ್ತಿರ ದಾರಿ ಇತ್ತು.
ನಿಮ್ಮ ಸೆರಗು ಹಿಂದೆ ಎಲ್ಲೋ ಜಾಲಿಮುಳ್ಳಿಗೆ ಸಿಕ್ಕೈತೆ.
ಮುಂದಕ್ಕೆ ಎಳೆಯೋನು ನಾನು, ಎಳೆದರೆ ಸೀರೆ ಹರೀತದೆ.
ಬಿಡಿಸೋದು ನಾನು ಕಲಿತ ವಿದ್ಯೆ ಅಲ್ಲ.
ಆವತ್ತು ಫೀಸು ಮುಟ್ಟಲಿಲ್ಲ, ಆಪ್ತಸಮಾಲೋಚಕರ ಹೆಸರು ಬರೆದುಕೊಟ್ಟ.
ನಾನೇನು ಹುಚ್ಚೀನಾ ಅಂತ
ಚೀಟಿಯನ್ನ ಒಂದು ತಿಂಗಳು ಸಾಸಿವೆ ಡಬ್ಬಿಯಲ್ಲಿಟ್ಟೆ.

ಮೆಹರುನ್ನೀಸಾ ಮೇಡಂ ಕೋಣೆಯಲ್ಲಿ ಹಾಳೆ ಇಲ್ಲ, ತಾರೀಖಿಲ್ಲ.
ಮುಂದಿನ ವಾರಕ್ಕೆ ಏನು ಮಾಡ್ಕೊಂಡು ಬರಲಿ?
ಏನೂ ಬೇಡ, ಬನ್ನಿ ಸಾಕು.
ಮೊದಲ ದಿನ ಬೆಣ್ಣೆ ರೇಟು ಮಾತಾಡಿ ಬಂದೆ.
ಎರಡನೆ ದಿನ ಸುಮ್ಮನೆ ಕೂತೆ, ಅವರೂ ಕೂತರು.
ನಾಲ್ಕನೆ ದಿನ ಕಿಟಕಿಯಾಚೆ
ಯಾರೋ ಸ್ಕೂಟರಿಗೆ ಪೆಟ್ರೋಲು ಹುಯ್ದರು, ವಾಸನೆ ಬಂತು,
ನನ್ನ ಬಾಯಿಂದ ಬಿದ್ದದ್ದು: ಪಂಪ್ ಸ್ಟೌ.

ಇಷ್ಟು ಮಾತ್ರ ಇಲ್ಲಿ ಹೇಳ್ತೀನಿ.
ಕಾಟನ್ ಮಿಲ್ಲಿನ ಹಿಂದೆ ಸಾಲುಮನೆ. ನನಗೆ ಒಂಬತ್ತು.
ಸೀಮೆಎಣ್ಣೆ ತುಂಬೋದು ನನ್ನ ಪಾಲಿನ ಕೆಲಸ.
ಕುಂಟೆಬಿಲ್ಲೆಯಲ್ಲಿ ನಾನು ಏಳನೆಯ ಮನೆಯಲ್ಲಿದ್ದೆ.
ಅವ್ವ ಎರಡು ಸಲ ಕೂಗಿದಳು.
ಮೂರನೆ ಸಲ ಕೂಗಿದ್ದು ನನ್ನ ಹೆಸರಲ್ಲ.

ನಿನ್ನ ತಪ್ಪಲ್ಲ ಅಂತ ಓಣಿಯೆಲ್ಲ ಹೇಳಿತ್ತು. ಮೇಡಂ ಹೇಳಲಿಲ್ಲ.
ಆ ಹುಡುಗಿ ಈಗ ಎಲ್ಲಿದ್ದಾಳೆ? ಅಂದರು.
ಏಳನೆಯ ಮನೆಯಲ್ಲೇ, ಒಂಟಿ ಕಾಲಲ್ಲಿ.
ಮೂವತ್ತೆರಡು ವರ್ಷದಿಂದಾ? ಕಾಲು ನೋಯಲ್ವಾ ಅವಳಿಗೆ?
ಆವತ್ತು ಅತ್ತದ್ದು ಅವ್ವನಿಗಲ್ಲ, ಆ ಕಾಲಿಗೆ.

ಎಷ್ಟು ವಾರ ಹೋದೆನೋ. ಗಣಪತಿ ಬಂದು ಹೋದ.
ದೀಪಾವಳಿಗೆ ಸುಚೇತಾ ಹಣತೆ ಹಚ್ಚಿದಳು,
ನಾನು ಹತ್ತಿರ ನಿಂತೆ. ಆ ವರ್ಷಕ್ಕೆ ಅಷ್ಟೇ.

ಗಿರಣಿ ಚೌಡಕ್ಕ ಕೇಳ್ತಾಳೆ: ಇಬ್ಬರೂ ಮಾತಾಡೋರೇ ಅಲ್ಲೇನೇ,
ಎರಡು ಕಡೆ ದುಡ್ಡು ಯಾಕೆ?
ಹೇಳೋಕೆ ಬರಲ್ಲ ನನಗೆ. ಒಬ್ಬರು ಕಂಡಕ್ಟರ್ ಹಂಗೆ,
ಎಲ್ಲಿಗೆ ಅಂದರು. ಇನ್ನೊಬ್ಬರು ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ
ಪಕ್ಕದಲ್ಲಿ ಕೂತು, ಗಂಟು ಭಾರ ಐತಾ ಅಂದರು.
ಹಿಟ್ಟು ಹುದುಗೋ ರಾತ್ರಿ ಬೇರೆ, ಹುಯ್ಯೋ ಬೆಳಗು ಬೇರೆ...
ಇಲ್ಲ, ಇದೂ ಸರಿಹೋಗಲಿಲ್ಲ.

ಮತ್ತೊಂದು ಬುಧವಾರ ನಿರಂಜನ ಹಳೇ ಹಾಳೆ ತೆಗೆದ.
ನಾಲ್ಕನೆಯದಕ್ಕೆ ತಾರೀಖು?
ಪೆನ್ಸಿಲಿನಲ್ಲಿ ಬರಿಯಪ್ಪಾ ಅಂದೆ.

ಇವತ್ತು ಹಚ್ಚಿದೆ. ಮೂರು ಕಡ್ಡಿ ಆರಿದವು.
ಮೊದಲ ದೋಸೆ ಸೀದಿತು, ಎರಡನೆಯದು ಹರಿದು ಬಂತು.
ಬೀದಿಯಲ್ಲಿ ಯಾರೋ ತಾಯಿ ಯಾವುದೋ ಮಗುವನ್ನ ಕೂಗಿದಳು,
ನಾನು ಒಲೆ ಮುಂದಿನಿಂದಲೇ
ಬಂದೆ ಅಂದುಬಿಟ್ಟೆ.
ಸುಚೇತಾ ತಿರುಗಿ ನೋಡಿದಳು.
ಮೂರನೆಯದಕ್ಕೆ ಬೆಣ್ಣೆ ಹಾಕಿದೆ.