ಎಂಬತ್ತೆಂಟನೆಯ ಹಲಗೆ

ಮೂರು ಸೋತಾಗಿತ್ತು. ನಾಲ್ಕನೆಯ ಆಟದ ದಿನ
ಮಧ್ಯಾಹ್ನವೇ ಬಂತು ಆಫೀಸಿನ ಚೀಟಿ:
ಮುಗಿದೊಡನೆ ನೆಲ ಕಿತ್ತು ಕಟ್ಟಿಡಿ, ಭಾನುವಾರ
ಐಸ್ ಮೇಲೆ ಮಕ್ಕಳ ಕುಣಿತ. ಆಮೇಲೆ
ಈ ವರ್ಷಕ್ಕೆ ಹಲಗೆ ಬೇಕಾಗಲಿಕ್ಕಿಲ್ಲ.
ಓಡೆಲ್ ಪ್ರೂಯಿಟ್ ಓದಿದ, ಮಡಿಸಿದ,
ಅಲುಗುವ ಮೇಜಿನ ಕಾಲಡಿಗೆ ಇಟ್ಟ.

ಇನ್ನೂರ ಹನ್ನೆರಡು ಹಲಗೆ ಕೂಡಿದರೆ ನಮ್ಮ ಕೋರ್ಟು.
ಒಂದೊಂದರ ಬೆನ್ನಿಗೂ ನಂಬರು.
ಎಂಬತ್ತೆಂಟು ಮಾತ್ರ ಹೇಳಿದ ಹಾಗೆ ಕೂರುವುದಿಲ್ಲ;
ಇಲೋನಾ ಬಾಲೊಗ್ ಮಂಡಿಯೂರಿ
ರಬ್ಬರು ಸುತ್ತಿಗೆಯಿಂದ ಮೂರು ಪೆಟ್ಟು ಕೊಡಬೇಕು,
ಹಂಗೇರಿಯ ಮಾತಿನಲ್ಲಿ ಅದರ ಅಮ್ಮನನ್ನು ನೆನೆಯಬೇಕು.
ಇಪ್ಪತ್ತೊಂಬತ್ತು ವರ್ಷ. ಈಗ ಅವಳ ಮಂಡಿಯೂ
ಹೇಳಿದ ಹಾಗೆ ಏಳುವುದಿಲ್ಲ.

ಟೀವಿಯವರು ಲೆಕ್ಕ ತೆಗೆದರು: ಮೂರು ಕೊಟ್ಟು
ನಾಲ್ಕು ಕಿತ್ತುಕೊಂಡವರು ಇಲ್ಲವೇ ಇಲ್ಲ.
ಗೆದ್ದವ ಸೋತ, ಸೋತವ ಸತ್ತ:
ಅದು ಆ ಕೋರ್ಟಿನ ಗಾದೆ. ಈ ಕೋರ್ಟಿನಲ್ಲಿ
ಸತ್ತವನಿಗೂ ಶುಕ್ರವಾರ ಏಳೂವರೆಗೆ
ಬೂಟಿನ ದಾರ ಕಟ್ಟುವ ಕೆಲಸವಿತ್ತು.

ಗೆದ್ದರು. ಎರಡೇ ಪಾಯಿಂಟು.
ಆದರೂ ನಾವು ಕಿತ್ತೆವು, ಬೆಳಗಿನವರೆಗೆ.

ಭಾನುವಾರ ಇಲ್ಲಿ, ಟೊಲಿಡೊದಲ್ಲಿ, ಪುಟ್ಟ ಹುಡುಗಿಯರು
ಕಾಗದದ ರೆಕ್ಕೆ ಕಟ್ಟಿಕೊಂಡು ಜಾರುತ್ತಿದ್ದಾಗ
ಅಲ್ಲಿ, ಪರರ ಊರಲ್ಲಿ, ನಮ್ಮವರು
ಹತ್ತೊಂಬತ್ತು ಪಾಯಿಂಟಿನ ಹೊಂಡದಿಂದ ಹತ್ತಿ ಬಂದರು.
ಸ್ಟೋರ್ ರೂಮಿನ ರೇಡಿಯೋ ಮುಂದೆ ಓಡೆಲ್
ಕಚ್ಚದ ಸ್ಯಾಂಡ್‌ವಿಚ್ ಹಿಡಿದು ನಿಂತೇ ಇದ್ದ.
"ಹಲಗೆ ತೆಗೀರಿ" ಅಂದ, ಅಷ್ಟೇ.

ಮಂಗಳವಾರ ಒಂದು ಕುರ್ಚಿಯೂ ಖಾಲಿಯಿರಲಿಲ್ಲ.
ಕೊನೆಯ ನಿಮಿಷ, ಎದುರಾಳಿ ಬಡಿದ ಚೆಂಡು
ಎಂಬತ್ತೆಂಟರ ಮೇಲೆ ಬಿತ್ತು,
ಎದ್ದೇಳಬೇಕಾದಷ್ಟು ಏಳಲಿಲ್ಲ.
ಅವನ ಅಂಗೈ ಬರೀ ಗಾಳಿ ತಟ್ಟಿತು.
ನಮ್ಮ ಹುಡುಗ ಬಾಚಿಕೊಂಡು ಓಡಿದ.

ಆ ಬೆಳಗ್ಗೆ ಎರಡೇ ಪೆಟ್ಟು ಕೊಟ್ಟಿದ್ದೆನೆಂದು
ಇಲೋನಾ ನನಗೊಬ್ಬನಿಗೆ ಹೇಳಿದಳು.
ಮಂಡಿ ನೋವಿತ್ತು, ಅಂದಳು.

ಏಳನೆಯದು ಅವರ ನೆಲದಲ್ಲಿ. ಅಲ್ಲಿಯೂ
ಯಾರೋ ಮಂಡಿಯೂರಿ ಜೋಡಿಸಿರುತ್ತಾರೆ,
ಅಲ್ಲಿಯೂ ಒಂದು ಹಲಗೆ ಹಟಮಾರಿ ಇರುತ್ತದೆ.
ನಾವು ನಮ್ಮದನ್ನು ಕೀಳುತ್ತಿದ್ದೆವು.
ಇನ್ನು ನಾಲ್ಕು ನಿಮಿಷ, ಸಮಸಮ ಇರುವಾಗ
ಓಡೆಲ್ ರೇಡಿಯೋ ಆರಿಸಿಬಿಟ್ಟ.
"ಎಂಬತ್ತೆಂಟು ಕೊನೆಗಿರಲಿ."

ಅದೊಂದೇ ಉಳಿಯಿತು, ಬಯಲಿನ ನಡುವೆ
ಯಾರೋ ಮರೆತುಹೋದ ಬಾಗಿಲಿನ ಹಾಗೆ.

ಹೊರಗೆ ಸಮ್ಮಿಟ್ ಬೀದಿಯಲ್ಲಿ ಒಂದು ಹಾರ್ನು.
ಸಿಗ್ನಲ್ಲಿನಲ್ಲಿ ಯಾರಿಗೋ ಅವಸರವಿರಬಹುದು.
ಇಲೋನಾ ಮಂಡಿ ನೀವುತ್ತಿದ್ದವಳು
ಕೈ ನಿಲ್ಲಿಸಿ ಕಿವಿಗೊಟ್ಟಳು,
ಎರಡನೆಯದಕ್ಕೆ.